ಎಪ್ಪತ್ತೊಂದಕ್ಕೆ ನಿಂತ ಕಂಪ್ಯೂಟರ್

ನಾಲ್ಕನೆಯ ಸಲವೂ ಪರದೆ ಕಪ್ಪಾದಾಗ ಸುಶೀಲಾಬಾಯಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕಲ್ಲ! ಮೇ ತಿಂಗಳ ಸೂರತ್ತು, ಮೂರನೆಯ ಮಹಡಿ, ಮಧ್ಯಾಹ್ನದ ಹೊತ್ತು. ಸೆರಗಿನಿಂದ ಕತ್ತು ಒರೆಸಿಕೊಂಡು ಪಕ್ಕದ ಸ್ಟೂಲಿನ ಮೇಲೆ ಮಲಗಿಸಿದ್ದ ಕಂಪ್ಯೂಟರಿನ ಆ ಹಳೇ ಪೆಟ್ಟಿಗೆಯನ್ನೇ ನೋಡುತ್ತ ಕೂತರು.

ಗಂಡ ಉಮಾಕಾಂತರಾಯರಿಗೆ ಬ್ಯಾಂಕಿನವರು ಹುಬ್ಬಳ್ಳಿಯಿಂದ ವರ್ಗ ಮಾಡಿದಾಗ ಈ ಊರಿಗೆ ಬಂದವರು ಅವರು. ಆಮೇಲೆ ರಾಯರು ವಡೋದರಾ, ಅಹಮದಾಬಾದು ಎಂದು ತಿರುಗಿದರು, ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಬಂದು ಹೋದರು. ಮನೆ ಮಾತ್ರ ಇಲ್ಲೇ ಉಳಿಯಿತು. ಒಂಟಿ ಕೂತು ಬೇಸತ್ತ ಬಾಯಿಯವರಿಗೆ ಪಕ್ಕದ ಮನೆಯಾಕೆ ಒಂದು ಕೆಲಸ ಕಲಿಸಿದಳು. ಸೀರೆಯ ಕಸೂತಿಯನ್ನು ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಬಿಡಿಸಿ ಕೊಡುವುದು. ಆ ಫೈಲನ್ನು ಕಾರ್ಖಾನೆಯ ಯಂತ್ರಕ್ಕೆ ಹಾಕಿದರೆ ಸೂಜಿಗಳು ತಾವಾಗಿಯೇ ನವಿಲು, ಬಳ್ಳಿ ಹೊಲಿಯುತ್ತವೆ. ಹದಿನಾಲ್ಕು ವರ್ಷದಲ್ಲಿ ಅವರ ಬಳ್ಳಿಗಳು ಎಷ್ಟು ಮದುವೆಗಳಲ್ಲಿ ಓಡಾಡಿವೆಯೋ ದೇವರೇ ಬಲ್ಲ.

ಈಗ ರಾಯರು ನಿವೃತ್ತರಾಗಿದ್ದಾರೆ. ಶುಕ್ರವಾರ ಸಾಮಾನಿನ ಲಾರಿ ಬಂದರೆ ಸಂಸಾರ ಹುಬ್ಬಳ್ಳಿಗೆ. ಡಿಸೈನು ಕೊಳ್ಳುವ ಜಿಗ್ನೇಶಭಾಯಿ, ಹುಬ್ಬಳ್ಳಿಯಿಂದಲೇ ಕಳಿಸಿ ಎಂದಿದ್ದ, ಆದರೆ ಅವನ ಕಾರ್ಖಾನೆಯಲ್ಲೀಗ ಹೊಸ ಸಾಫ್ಟ್‌ವೇರ್. ಅದು ಕೂರಬೇಕಾದರೆ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲೇಬೇಕು. ಹಾಕಹೋದರೆ ನಡುವೆಯೇ ಆರಿಹೋಗುತ್ತದೆ. ರಿಪೇರಿ ಅಂಗಡಿಯವನು ಬಿಚ್ಚಿ ಕೂಡ ನೋಡದೆ, "ಬೆನ್, ಆ ಡಬ್ಬೋ ಗಯೋ", ಅಕ್ಕಾ, ಈ ಡಬ್ಬಿಯ ಕತೆ ಮುಗಿಯಿತು, ಎಂದು ಕೈತೊಳೆದುಕೊಂಡಿದ್ದ. ರಾಯರು ಪೇಪರಿನಿಂದ ತಲೆ ಎತ್ತದೆ ಹೇಳಿದ್ದರು: "ಸಾಕ್ ಮಾಡಿನ್ನ. ಎಷ್ಟಂತ ದುಡಿತಿ? ಅದು ಎದ್ದರ ಒಯ್ಯೋಣು, ಏಳಲಿಲ್ಲಂದ್ರ ಗುಜರಿಯಾಂವಗ ಕೊಟ್ಟುಬಿಡೋಣು."

ಆ 'ಸಾಕ್ ಮಾಡು' ಬಾಯಿಯವರ ಎದೆಗೆ ನಾಟಿತ್ತು. ರಾಯರು ಪ್ರತಿವರ್ಷ ಖಂಡೇನವಮಿಯ ಆಯುಧಪೂಜೆಗೆ ಸ್ಕೂಟರಿಗೆ, ಗ್ಯಾಸಿನ ಒಲೆಗೆ, ಈಳಿಗೆಗೆ, ಕಡೆಗೆ ತಮ್ಮ ಪೆನ್ನಿಗೂ ಕುಂಕುಮ ಹಚ್ಚಿ ಪೂಜೆ ಮಾಡುವವರು. ದೀಪಾವಳಿ ಆರ್ಡರಿನ ಗಡಿಬಿಡಿಯಲ್ಲಿ ಬಾಯಿಯವರು ಕಂಪ್ಯೂಟರು ಬಿಟ್ಟು ಏಳುವಂತಿರಲಿಲ್ಲ, ನಿಜ. ಆದರೂ ಆ ಪೆಟ್ಟಿಗೆಗೆ ಒಂದು ಬೊಟ್ಟು ಕುಂಕುಮ ಬೇಡವೇ? ಹೆಂಡತಿಯ ಕೆಲಸ ಈಳಿಗೆಗಿಂತಲೂ ಕಡೆಯೇ? ಒಂದು ದಿನವೂ ಕೇಳಲಿಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡರು.

ಕ್ಯಾಲೆಂಡರಿನ ಹಿಂದೆ ಬರೆದಿಟ್ಟದ್ದನ್ನು ಇನ್ನೊಮ್ಮೆ ನೋಡಿದರು. ಹೊಸ ಸಿಸ್ಟಮ್ ಕೂರುವ ಕೆಲಸ ಬೆಳಿಗ್ಗೆ ಶೇಕಡ ಎಪ್ಪತ್ತೊಂದಕ್ಕೆ ನಿಂತಿತ್ತು. ಕೂಡಲೇ ಮತ್ತೆ ಹಚ್ಚಿದಾಗ ಮೂವತ್ತೆಂಟು. ಆಮೇಲೆ ಹನ್ನೆರಡು. ಈಗ ಒಂಬತ್ತು. ಸಿಸ್ಟಮ್ ತುಂಬಿದ್ದ ಪೆನ್‌ಡ್ರೈವ್ ಬದಲಿಸಿ ನೋಡಿಯಾಗಿತ್ತು. ತಪ್ಪು ಅದರದಾಗಿದ್ದರೆ ಪ್ರತಿಸಲ ಒಂದೇ ಕಡೆ ನಿಲ್ಲಬೇಕಿತ್ತು. ಇದು ಹಾಗಲ್ಲ, ರಾತ್ರಿಯೆಲ್ಲ ಸುಮ್ಮನಿದ್ದರೆ ದೂರ ಹೋಗುತ್ತದೆ, ಬಿಡುವಿಲ್ಲದೆ ಓಡಿಸಿದರೆ ಬೇಗ ಕೂತುಬಿಡುತ್ತದೆ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಒಲೆಯಿಂದ ಆಗಷ್ಟೇ ಇಳಿಸಿದ ಹಂಚಿನಂತೆ ಸುಡುತ್ತಿತ್ತು.

"ನಿನಗೂ ಸಾಕಾಗೇದೇನ?" ಎಂದು ಅದನ್ನೇ ಕೇಳಿ, ವೈರು ಕಿತ್ತು, ಸ್ಕ್ರೂ ಬಿಚ್ಚಿದರು.

ಒಳಗಿನ ಫ್ಯಾನನ್ನು ಎತ್ತಿದರೆ ಕೆಳಗೆ ಸೀರೆಗಳ ನೂಲಿನ ಧೂಳು ಕಂಬಳಿಯ ತುಂಡಿನಂತೆ ಮೆತ್ತಿಕೊಂಡಿತ್ತು. ಗಾಳಿ ಆಡಲು ಎಲ್ಲಿ ಜಾಗ? ಚಿಮಟಿಗೆಯಿಂದ ಎಳೆದಾಗ ಏನೋ ಕಾಳು ಉದುರಿದವು. ಇಲಿ ಕೂಡಿಟ್ಟಿತೇ ಎಂದುಕೊಂಡು ಕನ್ನಡಕ ಏರಿಸಿದರು. ಅಕ್ಕಿ. ಕೆಲವು ಬಣ್ಣಗೆಟ್ಟಿದ್ದವು, ಕೆಲವುಗಳ ಅರಿಸಿನ ಇನ್ನೂ ಹಸನಾಗಿತ್ತು.

ಅಕ್ಷತೆ!

ರಾಯರು ಪಡಸಾಲೆಯಲ್ಲಿ ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದರು. ಬಾಯಿಯವರು ಅಂಗೈ ಮುಂದೆ ಹಿಡಿದರು. "ಏನ್ರೀ ಇದು?"

ರಾಯರು ನೋಡಿದರು. ಕಳ್ಳತನ ಸಿಕ್ಕಿಬಿದ್ದವರ ಮುಖವಾಯಿತು. "ಖಂಡೇನವಮಿ ದಿನ ಹಾಕ್ತಿದ್ದೆ."

"ನಾ ಒಮ್ಮೆನೂ ನೋಡಿಲ್ಲಲ್ಲ?"

"ನೀ ಪರದೆದಾಗ ತಲಿ ಹುಗಿಸಿಕೊಂಡು ಕೂತಿರ್ತಿದ್ದಿ. ಎಬ್ಬಿಸಬಾರ್ದು ಅಂತ ಹಿಂದಿಂದ ಬಂದು ಪೆಟ್ಟಿಗಿ ಮ್ಯಾಲೆ ನಾಕು ಕಾಳು ಹಾಕಿ ಹೋಗ್ತಿದ್ದೆ. ಕುಂಕುಮ ಹಚ್ಚಿದ್ರ ನಿನ್ನ ಸ್ಯಾಂಪಲ್ ಸೀರಿಗೆ ಕಲಿ ಆಗ್ತದಂತ ಹಚ್ಚಲಿಲ್ಲ." ಆಮೇಲೆ ಬಿಚ್ಚಿದ ಪೆಟ್ಟಿಗೆಯ ಮುಚ್ಚಳದಲ್ಲಿದ್ದ ಗಾಳಿಯ ತೂತುಗಳತ್ತ ಇಣುಕಿ, ದನಿ ಇಳಿಸಿ ಕೇಳಿದರು, "ಹಂಗಾರ ಅದನ್ನ ಕೆಡಿಸಿದಾಂವ ನಾನ ಏನು?"

ಬಾಯಿಯವರಿಗೆ ನಗು ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ. ಹದಿನಾಲ್ಕು ವರ್ಷ ಸುಮ್ಮನೆ ನೊಂದುಕೊಂಡೆನಲ್ಲ ಎಂದು ತಮ್ಮ ಮೇಲೇ ಮರುಕವಾಯಿತು. ಒಳಗೆ ಹೋಗಿ, ಬ್ರಷ್ಷಿನಿಂದ ಮೂಲೆಮೂಲೆ ಉಜ್ಜಿ, ಫ್ಯಾನು ಕೂರಿಸಿ, ಮೊದಲಿನಿಂದ ಹಚ್ಚಿದರು.

ರಾಯರು ತಾವಾಗಿಯೇ ಟೇಬಲ್ ಫ್ಯಾನು ತಂದು ಪೆಟ್ಟಿಗೆಗೆ ಮುಖ ಮಾಡಿ ಇಟ್ಟು, ಪಕ್ಕದಲ್ಲಿ ಕೂತರು. ಒಂಬತ್ತು ದಾಟಿತು. ಮೂವತ್ತೆಂಟು ದಾಟಿತು. ಎಪ್ಪತ್ತೊಂದಕ್ಕೆ ಬಂದಾಗ ಇಬ್ಬರೂ ಪರದೆಯತ್ತ ಬಾಗಿದರು. ಎಪ್ಪತ್ತೆರಡು. ಚಹದ ಹೊತ್ತಿಗೆ ನೂರಾಗಿ, ಹೊಸ ಪರದೆ ತಿಳಿನೀಲಿಯಾಗಿ ತೆರೆದುಕೊಂಡಿತು.

"ಲಾರ್‍ಯಾಗ ಇದನ್ನ ಹಾಸಿಗಿ ನಡುವ ಇಡಸ್ತೀನಿ," ಎಂದರು ರಾಯರು. "ಇನ್ನ ಮುಂದ ಅಕ್ಷತಿ ಹಾಕೂದಿಲ್ಲ ಬಿಡು."

ಬಾಯಿಯವರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದರು.

"ಹಾಕ್ರಿ," ಎಂದರು. "ಪೆಟ್ಟಿಗಿ ಮ್ಯಾಲೆ ಬ್ಯಾಡ. ಎದುರಿಗೆ ಬಂದು, ನನ್ನ ತಲಿ ಮ್ಯಾಲೆ ಹಾಕ್ರಿ."