ತುಳಸಿಕಟ್ಟೆಯ ನವಿಲು

ಶೆಟಗೇರಿಯಿಂದ ಕಾರವಾರದ ಕಚೇರಿಗೆ ದಿನವೂ ಓಡಾಡುವ ನನಗೂ ಗದ್ದೆ ನೋಡಿಕೊಳ್ಳುವ ಅಣ್ಣನಿಗೂ ಬಿಡುವಿಲ್ಲ. ತುಳಸಿಕಟ್ಟೆಗೆ ಟೈಲ್ಸ್ ಹಾಕಿಸಿಬಿಡೋಣ ಎಂದ ಅಣ್ಣ. ತುಳಸಿ ಮದುವೆಗೆ ಪ್ರತಿವರ್ಷ ಅದರ ಮೇಲೆ ಚಿತ್ರ ಬರೆಯುತ್ತಿದ್ದ ಅಮ್ಮ ಈಗಿಲ್ಲ. ನಾನೇ ಬರೆಯುತ್ತೇನೆ ಎಂದೆ.

"ಎಂತಾ ಬರೀತೆ?"

"ಅಮ್ಮ ಬರೀತಿದ್ದ ನವಿಲು."

"ನವಿಲೆಲ್ಲಿತ್ತೋ ಮಾರಾಯಾ? ಅದು ಗಿಣಿ! ಓದಿ ಓದಿ ತಲೆ ಹಾಳಾಗ್ಯದೆ ನಿಂಗೆ."

ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ, ಅಣ್ಣನದನ್ನೂ ಅಷ್ಟೆ. ಆದರೆ ಅದು ತೀರ್ಮಾನವಾಗಲಿ ಎಂದು ಕಾಯುತ್ತ ಕೂತರೆ ಟೈಲ್ಸ್ ಬಂದಿರುತ್ತದೆ. ಅಣ್ಣ ಹೇಳಿಟ್ಟಿದ್ದ ಮೇಸ್ತ್ರಿಗೆ ಫೋನ್ ಮಾಡಿ ಬರಬೇಡ ಎಂದೆ. ಮರುದಿನ ಬೆಳಗ್ಗೆ, ಬಸ್ಸಿಗೆ ಅರ್ಧ ಗಂಟೆ ಇರುವಾಗ, ಆಫೀಸಿನ ಪ್ಯಾಂಟು ಮಡಚಿಕೊಂಡು ಕಟ್ಟೆಯೆದುರು ಕೂತೆ. ಹೊರಡುವ ಹೊತ್ತಿಗೆ ನವಿಲಿಗೆ ಕುತ್ತಿಗೆ ಬಂದಿತ್ತು. ಗರಿಗಳಿಗೆ ಇನ್ನೂ ಎಷ್ಟೋ ಬೆಳಗುಗಳು ಬೇಕು. ಬೇಗ ಏಳುತ್ತೇನೆ.