ಗಾರ್ಡಿಗೆ ಕಟ್ಟಿದ ತಂತಿ

ಅವರು ಬಡಗಿ. ಆದರೆ ಎಲ್ಲರೂ ಕರೆಯುತ್ತಿದ್ದುದು ಮೇಷ್ಟ್ರೇ ಎಂದು. ಶಾಲೆಗೆ ಹೋಗಿದ್ದು ಕಡಿಮೆ, ಪಾಠ ಹೇಳುವುದು ಮಾತ್ರ ವಿಪರೀತ. ಅವರ ಕೆಲಸದ ಶೆಡ್ಡಿನ ಎದುರಿನ ಹಾರ್ಡ್‌ವೇರ್ ಅಂಗಡಿಗೆ ಯಾರಾದರೂ ನೆಲದ ಹಲಗೆ ಕೊಯ್ದು ಎಬ್ಬಿಸಲು ಮಷಿನ್ ಬೇಕೆಂದು ಬಂದರೆ ಅಂಗಡಿಯವನು ಒಂದು ಕೂಗು ಹಾಕುತ್ತಿದ್ದ. ಮೇಷ್ಟ್ರು ಮೈಮೇಲಿನ ಮರದ ಪುಡಿ ಕೊಡವಿಕೊಂಡು ಹಾಜರಾಗುತ್ತಿದ್ದರು.

“ಗೋಡೆ ಅಂಚಿಗಾದ್ರೆ ಈ ಸಣ್ಣದು ತಗೊಳ್ಳಿ. ಇದರ ಬ್ಲೇಡು ತಿರುಗಲ್ಲ, ನಡುಗುತ್ತೆ ಅಷ್ಟೆ. ಉದ್ದಕ್ಕೆ ಕೊಯ್ಯೋಕೆ ಆ ದುಂಡು ಬ್ಲೇಡಿಂದು. ಬ್ಯಾಟರೀದೇ ತಗೊಳ್ಳಿ, ಮನೆ ಮೇನ್ ಸ್ವಿಚ್ ಆಫ್ ಮಾಡಿ ಕೊಯ್ಯಬಹುದು. ಹಲಗೆ ಎಷ್ಟು ದಪ್ಪವೋ ಬ್ಲೇಡು ಅಷ್ಟೇ ಇಳೀಬೇಕು, ಕೂದಲೆಳೆ ಜಾಸ್ತಿ ಬೇಡ. ಕೆಳಗೆ ವೈರೋ ಪೈಪೋ ಏನಿದೆಯೋ ಯಾರು ಕಂಡೋರು? ಇನ್ನು ಈ ಗಾರ್ಡ್, ಬ್ಲೇಡಿನ ಮುಚ್ಚಳ. ಮಷಿನ್ ಮೇಲೆತ್ತಿದ ತಕ್ಷಣ ತಾನಾಗೇ ಬ್ಲೇಡು ಮುಚ್ಚಬೇಕು. ಇದನ್ನ ತಡೆದವನು ಕೈಕಾಲು ಅಡವಿಟ್ಟ ಹಾಗೇ.”

ಅವರದೇ ಮಷಿನಿನ ಗಾರ್ಡನ್ನು ಮಾತ್ರ ತಂತಿಯಿಂದ ಮೇಲಕ್ಕೆ ಕಟ್ಟಿತ್ತು. ಹಲಗೆಯ ನಡುವಿನಿಂದ ಕೊಯ್ಯಲು ಶುರುಮಾಡುವಾಗ ಗಾರ್ಡನ್ನು ಪ್ರತಿ ಸಲ ಬೆರಳಿನಿಂದ ಎತ್ತಿ ಹಿಡಿಯಬೇಕು. ಪಳಗಿದ ಕೈಗೆ ಆ ರಗಳೆ ಯಾಕೆ? ಪಾಠ ಊರಿಗೆ, ತಂತಿ ತಮಗೆ.

ಒಂದು ದಿನ ಹೆಂಡತಿಯ ತಮ್ಮ ಬಂದ. ಅವನು ದರ್ಜಿ.

“ಹೊಲಿಗೆ ಕೋಣೆ ಹಲಗೆ ಕೆಳಗೆ ಇಲಿ ಸತ್ತಿರ್ಬೇಕು ಭಾವ. ಗಿರಾಕಿಗಳು ಮೂಗು ಮುಚ್ಕೊಂಡು ಅಳತೆ ಕೊಡ್ತಿದ್ದಾರೆ. ಸ್ವಲ್ಪ ಬರ್ತೀರಾ?”

“ಒಂದು ಹಲಗೆಗೆ ನಾನ್ಯಾಕಪ್ಪಾ?” ಎಂದು ಮೇಷ್ಟ್ರು ತಮ್ಮ ಮಷಿನನ್ನೇ ಕೊಟ್ಟು ಪಾಠ ಒಪ್ಪಿಸತೊಡಗಿದರು. ಗಾರ್ಡಿನ ಮಾತಿಗೆ ಬಂದಾಗ ಕಣ್ಣು ತಂತಿಯ ಮೇಲೆ ಬಿತ್ತು. ಅಂಗಡಿಯವನು ಅಲ್ಲೇ ನಿಂತು ತಲೆದೂಗುತ್ತಿದ್ದ. ಅವನ ಎದುರು ಅದನ್ನು ಬಿಚ್ಚುವುದು ಹೇಗೆ? “ಹುಷಾರು” ಎಂದಷ್ಟೇ ಹೇಳಿ ಕಳಿಸಿಬಿಟ್ಟರು.

ದರ್ಜಿ ಅಳತೆಯ ಮನುಷ್ಯ. ಹೇಳಿದಷ್ಟೇ ಆಳಕ್ಕೆ ಕೊಯ್ದ, ಕೆಳಗಿನ ತೊಲೆಗೆ ಒಂದು ಗೀರೂ ಬೀಳಲಿಲ್ಲ. ಕೆಲಸ ಮುಗಿಯಿತೆಂದು ಸ್ವಿಚ್ ಬಿಟ್ಟು, ಮಂಡಿಯೂರಿ ಕೂತಲ್ಲೇ ಮಷಿನನ್ನು ಪಕ್ಕಕ್ಕೆ ತಂದ. ಬ್ಲೇಡು ಇನ್ನೂ ತಿರುಗುತ್ತಿತ್ತು. ಗಾರ್ಡ್ ಮುಚ್ಚಿಕೊಳ್ಳಲಿಲ್ಲ. ಬ್ಲೇಡು ಹೊಕ್ಕಿದ್ದು ಬಲತೊಡೆಗೆ, ಹೊಲಿಗೆ ಯಂತ್ರ ತುಳಿಯುವ ಕಾಲಿಗೆ.

ಆಸ್ಪತ್ರೆಯಲ್ಲಿ ಅಕ್ಕ ಅಳುತ್ತಲೇ ಬೈದಳು. “ನಿನ್ನ ಭಾವ ಅಷ್ಟು ಬಿಡಿಸಿ ಹೇಳಿದ್ರಲ್ಲೋ, ಕಿವಿ ಎಲ್ಲಿಟ್ಟಿದ್ದೆ?”

“ತಪ್ಪು ನಂದೇ ಅಕ್ಕ. ಅವಸರ ಮಾಡ್ದೆ.”

ಮೇಷ್ಟ್ರು ಡ್ರಿಪ್ ಬಾಟಲಿ ನೋಡುತ್ತಾ ನಿಂತರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಔಷಧಿ ತರಲು ಹೋದಾಗ ಭಾಮೈದ ದಿಂಬಿನ ಕೆಳಗಿಂದ ಏನನ್ನೋ ತೆಗೆದು ಅವರ ಅಂಗೈಗೆ ಒತ್ತಿದ. ಸುರುಳಿ ಸುತ್ತಿದ ತಂತಿ.

“ಪಕ್ಕದ ಮನೆಯೋರು ಬರೋ ಮುಂಚೆನೇ ಬಿಚ್ಚಿದ್ದೆ ಭಾವ. ಯಾರೂ ನೋಡಿಲ್ಲ.”

ಅಂದರೆ ರಕ್ತ ಸುರಿಯುತ್ತಿರುವಾಗ ಇವನು ಭಾವನ ಮಾನ ಮುಚ್ಚುತ್ತಾ ಕೂತಿದ್ದ. ಮೇಷ್ಟ್ರು ತಂತಿಯನ್ನು ಜೇಬಿಗಿಳಿಸಿದರು. ಹೆಂಡತಿ ಔಷಧಿ ತಂದಾಗಲೂ ಅದು ಹೊರಗೆ ಬರಲಿಲ್ಲ. ಅಲ್ಲಿಂದ ಮುಂದೆ ಅಂಗಡಿಯವನು ಕೂಗಿದರೆ ಕೇಳಿಸದವರ ಹಾಗೆ ಯಾವುದಾದರೊಂದು ಮಷಿನ್ ಚಾಲೂ ಮಾಡಿಕೊಳ್ಳುತ್ತಿದ್ದರು.

ಗಾಯ ಮಾಯಿತು, ಕಾಲಿಗೆ ಮೊದಲಿನ ಬಲ ಬರಲಿಲ್ಲ. ನೋಡಲು ಹೋದಾಗಲೆಲ್ಲ ಹೆಂಡತಿ ಅದೇ ರಾಗ ಎಳೆಯುತ್ತಿದ್ದಳು; ತಮ್ಮ ನಗುತ್ತಾ ಕೇಳಿಸಿಕೊಳ್ಳುತ್ತಿದ್ದ. ಒಂದು ಸಂಜೆ ಅವನು ಎಡಗಾಲಿನಲ್ಲಿ ತುಳಿಯಲು ಹೋಗಿ ಯಂತ್ರ ಹಿಂದಕ್ಕೆ ತಿರುಗಿತು, ದಾರ ಕಿತ್ತುಹೋಯಿತು.

“ಭಾವನ ಮಾತು ಕೇಳಿದ್ರೆ ಈ ಗತಿ ಬರ್ತಿತ್ತಾ?” ಎಂದಳು.

ಮೇಷ್ಟ್ರು ಜೇಬಿನಿಂದ ತಂತಿ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟರು.

“ಅವನನ್ನ ಬೈಬೇಡ ಕಣೇ. ಗಾರ್ಡ್ ಕಟ್ಟಿಟ್ಟಿದ್ದು ನಾನು. ಕೊಡೋವಾಗ ನೆನಪಿತ್ತು ಕೂಡ. ನಾಚಿಕೆಯಾಗಿ ಸುಮ್ಮನಾದೆ.”

ದರ್ಜಿ ತಲೆ ತಗ್ಗಿಸಿದ. ಹೆಂಡತಿ ತಂತಿಯ ಕಡೆ ನೋಡಲೂ ಇಲ್ಲ. ಕಿತ್ತ ದಾರದ ತುದಿಯನ್ನು ಸೂಜಿಗೆ ಪೋಣಿಸುತ್ತಾ ಹೇಳಿದಳು:

“ಅದ್ಯಾಕೆ ಕಟ್ಟಿದೀರಿ ಅಂತ ಹಿಂದೆ ಕೇಳಿದ್ದೆ. ಮಷಿನ್ ಗಟ್ಟಿ ಇರ್ಲಿ ಅಂತ ಅಂದಿದ್ರಿ. ಅದು ವಾಪಸ್ ಬಂದಾಗ ತಂತಿ ಇರ್ಲಿಲ್ಲ. ತಪ್ಪು ಅದರದೇ ಅಂತ ಅವತ್ತೇ ಗೊತ್ತಾಯ್ತು ನಂಗೆ. ಅವತ್ತಿಂದ ನಾನು ಬೈದದ್ದು ಇವನನ್ನಲ್ಲ.”