ಒಂದೇ ಕೆಲಸ, ನಾಲ್ಕು ಸಲ

ನಮ್ಮ ದನದ ಡಾಕ್ಟರಬಾಯಾರ ಬಲಗೈ ಎಡಗೈಗಿಂತ ದಪ್ಪವಿತ್ತು. ಮೂವತ್ತೈದು ವರ್ಷ ಎಮ್ಮೆ ಆಕಳುಗಳ ಹೊಟ್ಟೆಯೊಳಗೆ ಭುಜದತನಕ ಹೋಗಿ ಅಡ್ಡ ಸಿಕ್ಕ ಕರುಗಳನ್ನು ಎಳೆದು ತೆಗೆದ ಕೈ ಅದು. ಉಗುರುಗಳನ್ನು ಚರ್ಮಕ್ಕೆ ಹತ್ತುವಂತೆ ಕತ್ತರಿಸಿರುತ್ತಿದ್ದರು. ಬಳೆ ಎಡಗೈಗೆ ಮಾತ್ರ. ಆ ಬಲಗೈ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ಬೆಟಗೇರಿಯ ನಮ್ಮ ಪ್ರೆಸ್ಸಿಗೆ ಬಂದರೆ ಕಾಗದದ ಕಟ್ಟು ಎತ್ತಿ ಅತ್ತ ಇಡುವುದು, ಮತ್ತೆ ಇತ್ತ ಇಡುವುದು, ಬಾಗಿಲತನಕ ಹೋಗಿ ಬರುವುದು. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದರು.

"ಕುಂಡ್ರಿ ಬಾಯಾರ," ಎಂದರೆ, "ಕುಂತು ಏಳೂದ್ರಾಗ ಏನರ ಒಂದು ಮರತಿರ್ತೀನಿ," ಎನ್ನುತ್ತಿದ್ದರು.

ಸರಕಾರಿ ನೌಕರಿಯಿಂದ ನಿವೃತ್ತರಾದ ಮೇಲೂ ಅವರು ಸುತ್ತಾಟ ಬಿಟ್ಟಿರಲಿಲ್ಲ. ಯಳವತ್ತಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಂದ ಫೋನ್ ಬಂದರೂ ಸರಿ, ಹತ್ತಿರದ್ದಾದರೆ ಸ್ಕೂಟಿ, ದೂರದ್ದಾದರೆ ಬಸ್ಸು. ನಾನು ಪ್ರೆಸ್ಸಿನಲ್ಲಿ ಟೈಪು ಮಾಡುವವಳು. ಲಗ್ನಪತ್ರಿಕೆಗಳ ಕೆಲಸ ಇಳಿಮುಖವಾದಾಗ ಬಿಡುವಿನ ಹೊತ್ತಿನಲ್ಲಿ ವಿಡಿಯೋ ನೋಡಿ ಕೋಡ್ ಬರೆಯದೆ ಒಂದು ಆಪಿಗೆ ಇನ್ನೊಂದನ್ನು ಜೋಡಿಸುವುದನ್ನು ಕಲಿಯುತ್ತಿದ್ದೆ. ಅದು ಅವರ ಕಣ್ಣಿಗೆ ಬಿತ್ತು.

"ತಂಗಿ, ನನ್ನ ಕೈ ಯಾವಾಗಲೂ ಹೊಲಸ ಇರ್ತಾವು. ಚೀಟಿ ಬರಿಯಾಕ ಆಗೂದಿಲ್ಲ. ನಾ ಬಾಯಿಲೆ ಹೇಳಿದ್ದು ತಾನ ಬರಕೊಂಡು, ಯಾವತ್ತು ಎಲ್ಲಿಗೆ ಹೋಗಬೇಕು ಅಂತ ನೆನಪು ಮಾಡಬೇಕು. ಆಕ್ಕೈತೇನು?"

"ಆಕ್ಕೈತ್ರಿ," ಎಂದೆ. ಆಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಎರಡು ವಾರ ಬೇಕಾಯಿತು. ಅವರು ಫೋನಿನಲ್ಲಿ ಹೇಳಿ ಕಳಿಸಿದ ಮಾತು ಮೊದಲು ಮಾತನ್ನು ಬರಹ ಮಾಡುವ ಸೇವೆಗೆ ಹೋಗಬೇಕು. ಅಲ್ಲಿಂದ ಬಂದ ಬರಹ ಕೆಲಸದ ಪಟ್ಟಿ ಇಡುವ ಆಪಿನೊಳಗೆ ತಾರೀಕಿನ ಸಮೇತ ಕೂಡಬೇಕು. ಪರದೆಯ ಮೇಲೆ ಚೌಕಗಳನ್ನು ಇಟ್ಟು ಗೆರೆಯಿಂದ ಜೋಡಿಸುವುದಷ್ಟೇ ಕೆಲಸ. ಆದರೆ ಯಂತ್ರಕ್ಕೆ ನಮ್ಮ ಕಡೆಯ ಕನ್ನಡ ಹತ್ತುತ್ತಿರಲಿಲ್ಲ. ಅವರು "ಎಮ್ಮಿ ಹೊಲಿಗಿ ಬಿಚ್ಚೂದು" ಎಂದು ಹೇಳಿದ್ದು ಪಟ್ಟಿಯಲ್ಲಿ "ಅಮ್ಮ ಹೋಳಿಗೆ ಬಿಚ್ಚುವುದು" ಎಂದು ಬಂತು. ಬಾಯಾರು ನಿಂತಲ್ಲೇ ನಕ್ಕು, ಕಣ್ಣೊರೆಸಿಕೊಂಡು, "ಯಾರ ಅಮ್ಮನ ಹೋಳಿಗೀನರ ಬಿಚ್ಚತೀನಿ ತಗೋ, ತಾರೀಖ ಒಂದು ಸರಿ ಬರಲಿ," ಎಂದರು. ದಿನಕ್ಕೆರಡು ಸಲ ಪಟ್ಟಿ ತೆರೆದು ಅಂಥ ತಪ್ಪುಗಳನ್ನು ನಾನೇ ತಿದ್ದುತ್ತಿದ್ದೆ.

ಹಾಗೆ ತಿದ್ದುವಾಗಲೇ ಅದು ನನಗೆ ಕಂಡದ್ದು. ಶ್ರಾವಣದ ಒಂದು ದಿನ, ಲಕ್ಷ್ಮೇಶ್ವರದ ಒಂದು ಆಕಳಿಗೆ ಔಷಧ ಒಯ್ಯುವ ಕೆಲಸ ಪಟ್ಟಿಯಲ್ಲಿ ನಾಲ್ಕು ಸಲ ಬಂದಿತ್ತು. ನನ್ನ ಜೋಡಣೆಯೇ ಕೆಟ್ಟಿರಬೇಕೆಂದು ಧ್ವನಿಗಳನ್ನು ಹಾಕಿ ಕೇಳಿದೆ. ಕೆಟ್ಟಿರಲಿಲ್ಲ. ಬಾಯಾರು ಒಂದೇ ತಾಸಿನಲ್ಲಿ ನಾಲ್ಕು ಸಲ ಹೇಳಿದ್ದರು. ನಾಲ್ಕೂ ಸಲ ಆಗಷ್ಟೇ ನೆನಪಾದವರ ಹಾಗೆ, "ಹಾಂ, ಇದೊಂದು ಬರಕೋ," ಎಂದು ಶುರುಮಾಡಿದ್ದರು.

ಮರುದಿನ ಮತ್ತೆ ಹಾಗೇ ಆಯಿತು. ಆ ವಾರದಲ್ಲಿ ಇನ್ನೂ ಎರಡು ಸಲ. ನನಗೆ ಕೂತಲ್ಲಿ ಕೂರಲಾಗದಂತಾಯಿತು. ಹೇಳೋಣವೆಂದು ಅವರ ಮನೆಯ ತಿರುವಿನತನಕ ಹೋಗಿ ವಾಪಸ್ಸು ಬಂದೆ. ಊರೂರಿಗೆ ಒಬ್ಬರೇ ತಿರುಗುವ ಹೆಂಗಸಿಗೆ, ನಿಮ್ಮ ನೆನಪು ಸಡಿಲವಾಗುತ್ತಿದೆ ಎಂದು ಯಾವ ಬಾಯಿಂದ ಹೇಳುವುದು? ಕೊನೆಗೆ ಗೆರೆಗಳ ನಡುವೆ ಇನ್ನೊಂದು ಚೌಕ ಸೇರಿಸಿದೆ. ಒಂದೇ ಊರು, ಒಂದೇ ಕೆಲಸ, ಒಂದೇ ದಿನ ಎರಡನೇ ಸಲ ಬಂದರೆ ಅದನ್ನು ಬಿಟ್ಟುಬಿಡು ಎಂಬ ಜರಡಿ ಅದು. ಪಟ್ಟಿ ಸ್ವಚ್ಛವಾಯಿತು. "ಛಲೋ ನಡದೈತಿ ನೋಡು ನಿನ್ನ ಮಿಶಿನ್ನು," ಎಂದು ಬಾಯಾರು ಬೆನ್ನು ತಟ್ಟಿದರು. ಅವತ್ತು ನನಗೆ ಊಟ ಸೇರಲಿಲ್ಲ.

ಹೀಗೆ ಮೂರು ತಿಂಗಳು ಕಳೆದವು.

ಒಂದು ಮುಂಜಾನೆ ಅವರು ಪ್ರೆಸ್ಸಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದಾಗ ಕೊರ್ಲಹಳ್ಳಿಯಿಂದ ಫೋನ್ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರದ ಮನೆಯ ಹೆಂಗಸು. "ಬಾಯಾರ, ನಿನ್ನೆ ಎರಡನೇ ಸೂಜಿ ಮಾಡಾಕ ಬರ್ತೀನಿ ಅಂದಿದ್ರಿ. ಕತ್ತಲಾಗೂ ತನಕ ಹಾದಿ ನೋಡಿದ್ವಿ. ಎಮ್ಮಿ ಈಗ ಏಳವಲ್ದು."

"ನಿನ್ನೆ ಬಂದು ಮಾಡಿ ಹೋಗೀನಲ್ಲವಾ!"

"ಅದು ಹೊಳಿದಂಡಿ ಮನಿಯವರದ್ರಿ. ನಮ್ಮದಲ್ಲ."

ಬಾಯಾರು ಪಟ್ಟಿ ತೆರೆದರು. ಹಿಂದಿನ ದಿನದ್ದು ಒಂದೇ ಇತ್ತು: ಕೊರ್ಲಹಳ್ಳಿ, ಈದ ಎಮ್ಮೆ, ಜ್ವರ, ಎರಡನೇ ಸೂಜಿ. ಅದರ ಮುಂದೆ ಆಯಿತೆಂಬ ಗುರುತೂ ಇತ್ತು. "ಹಂಗಾರ ಇವರದ ನಾ ಹೇಳೇ ಇಲ್ಲ," ಎಂದು ಕಪ್ಪು ಕೆಳಗಿಟ್ಟು ಚೀಲ ಎತ್ತಿಕೊಂಡರು. ನಾನು ಧ್ವನಿಗಳನ್ನು ಹುಡುಕಿದೆ. ಮೊದಲ ಸೂಜಿಯ ದಿನದವು ಎರಡು ಇದ್ದವು. ಮುಂಜಾನೆ ಒಂದು ಮನೆಯಿಂದ, ಮಧ್ಯಾಹ್ನ ಇನ್ನೊಂದು ಮನೆಯಿಂದ, ಅವೇ ಮಾತು. ಎರಡನೆಯದನ್ನು ನನ್ನ ಜರಡಿ ತಡೆದಿತ್ತು.

ನಾನೂ ಅವರ ಜೊತೆ ಬಸ್ಸು ಹತ್ತಿದೆ. ಬಾಯಾರು ಚೀಲದ ಜಿಪ್ಪು ತೆಗೆಯುತ್ತ ಹಾಕುತ್ತ ಕೂತಿದ್ದರು. ಕೊರ್ಲಹಳ್ಳಿಗೆ ಮುಂಡರಗಿ ದಾಟಿ ಹೋಗಬೇಕು, ಮುಂಡರಗಿಯೇ ಇನ್ನೂ ದೂರವಿತ್ತು. ಆಗಲೇ ಹೇಳದಿದ್ದರೆ ಎಂದೂ ಹೇಳುವುದಿಲ್ಲ ಅನ್ನಿಸಿತು.

"ಬಾಯಾರ, ತಪ್ಪು ನಂದು. ನೀವು ಎರಡೂ ಹೇಳಿದ್ರಿ. ಹೇಳಿದ್ದ ಮತ್ತ ಬಂದ್ರ ಬಿಟ್ಟುಬಿಡು ಅಂತ ನಾ ಒಂದು ಜರಡಿ ಇಟ್ಟಿದ್ದೆ."

"ಜರಡಿ ಯಾಕ ಇಟ್ಟಿ?"

"ಒಂದ ಕೆಲಸ ನೀವು ನಾಕ್ ನಾಕ್ ಸಲ ಹೇಳಾಕ ಹತ್ತಿದ್ರಿ. ಹೇಳಿದ್ದು ನಿಮಗ ನೆನಪ ಇರ್ತಿರಲಿಲ್ಲ."

ಜಿಪ್ಪು ಎಳೆಯುವ ಕೈ ನಿಂತಿತು. "ಯಾವಾಗಿಂದ?"

"ಶ್ರಾವಣದಿಂದರಿ."

"ಅಂದ್ರ ಮೂರು ತಿಂಗಳಿಂದ ನಿನಗ ಗೊತ್ತೈತಿ, ನನಗ ಗೊತ್ತಿಲ್ಲ."

"ನಿಮಗ ಸಂಕಟ ಆಗಬಾರ್ದು ಅಂತ..."

"ದನಕ್ಕ ಏನಾಗೈತಿ ಅಂತ ಮಾಲಕಗ ಹೇಳದ ನಾ ಒಂದಿನಾನೂ ಮನಿಗೆ ಬಂದಿಲ್ಲ ತಂಗಿ," ಎಂದರು ಅವರು. ಸಿಟ್ಟಿನ ಧ್ವನಿಯಲ್ಲ ಅದು. "ನನ್ನ ಸುದ್ದಿ ನನಗ ಹೇಳಲಿಲ್ಲಲ್ಲ ನೀ."

ನಾವು ಮುಟ್ಟುವ ಹೊತ್ತಿಗೆ ಎಮ್ಮೆ ಕಾಲು ಚಾಚಿ ಮಲಗಿತ್ತು. ಬಾಯಾರು ಸೂಜಿ ಮಾಡಿದರು, ಅದರ ಕುತ್ತಿಗೆ ತಿಕ್ಕಿದರು, ಒಂದು ತಾಸು ಅದರ ಪಕ್ಕದಿಂದ ಏಳಲಿಲ್ಲ. ಮಧ್ಯಾಹ್ನದ ಮುಂಚೆ ಅದು ಸತ್ತಿತು. ಆ ಮನೆಯ ಹೆಂಗಸು ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಮೂರು ದಿನದ ಕರುವನ್ನು ತಬ್ಬಿಕೊಂಡು ಗೋಡೆಗೆ ಒರಗಿ ಕೂತಳು. ನಾನು ಬಾಯಿ ತೆರೆಯುವ ಮುಂಚೆಯೇ ಬಾಯಾರು ಹೇಳಿದರು: "ನಾ ಮರತೀನವಾ. ನನಗ ಮರವು ಬಂದೈತಿ. ಇವತ್ತ ಗೊತ್ತಾತು." ನನ್ನ ತಪ್ಪನ್ನು ನಾನೂ ಅವಳಿಗೆ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ.

ಆಮೇಲೆ ಬಾಯಾರು ಆ ಕರುವನ್ನು ಎತ್ತಿಕೊಂಡು ಹೊಳೆದಂಡೆಯ ಮನೆಗೆ ನಡೆದರು. ಅಲ್ಲಿ ಎಮ್ಮೆಗೆ ಜ್ವರ ಬಿಟ್ಟಿತ್ತು. ಕರುವಿನ ಮೈಗೆಲ್ಲ ಉಪ್ಪಿನ ನೀರು ಸವರಿ ಅದರ ಮುಂದೆ ನಿಲ್ಲಿಸಿದರು. ಎಮ್ಮೆ ಎರಡು ಸಲ ಒದ್ದಿತು. ಮೂರನೇ ಸಲ ಮೂಸಿತು, ನೆಕ್ಕಿತು. ಕರು ಬಾಯಿ ಹಾಕಿ ಹಾಲು ಕುಡಿಯತೊಡಗಿದ ಮೇಲೆಯೇ ಬಾಯಾರು ಕೈ ತೊಳೆದದ್ದು.

ಮರುದಿನ ಜರಡಿ ತೆಗೆಸಿದರು. ಹಳೆಯ ಧ್ವನಿಗಳನ್ನೆಲ್ಲ ಹಾಕು ಎಂದರು. ಪ್ರೆಸ್ಸಿನಲ್ಲಿ ಅತ್ತಿಂದಿತ್ತ ನಡೆಯುತ್ತ, ತಾವು ಹೇಳಿದ್ದನ್ನೇ ತಾವು ಮೊದಲ ಸಲ ಕೇಳುವವರಂತೆ ಕೇಳಿದರು. "ಇನ್ನ ಮ್ಯಾಲ ನಾ ಎರಡನೇ ಸಲ ಹೇಳಿದ್ರ ಎರಡನೇ ಸಲ ಅಂತ ಹೇಳಬೇಕು. ಮುಚ್ಚಿಡಬಾರ್ದು," ಎಂದು ನನ್ನಿಂದ ಮಾತು ತೆಗೆದುಕೊಂಡರು. ಹುಬ್ಬಳ್ಳಿಯ ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನವೇ ಸೂಜಿಯ ಚೀಲ ಕೆಳಗಿಟ್ಟರು.

ಆದರೆ ಸುಮ್ಮನೆ ಕೂರಲಿಲ್ಲ. ಮೂರು ವಾರ ದಿನಾ ಬಂದು, ಯಾವ ಊರಿನ ಯಾವ ಮನೆಯ ದನಕ್ಕೆ ಯಾವ ಔಷಧ ಒಗ್ಗುವುದಿಲ್ಲ, ಯಾವುದು ಹೋದ ಸಲ ಅಡ್ಡ ಈದಿತ್ತು, ಎಲ್ಲವನ್ನೂ ಹೇಳಿದರು. ಯಂತ್ರ ಬರೆಯಿತು, ನಾನು ತಿದ್ದಿದೆ, ಒಂದೊಂದೂ ಇನ್ನು ಆ ಊರುಗಳ ದನ ನೋಡಲಿದ್ದ ಶಿರಹಟ್ಟಿ ಕಡೆಯ ಹುಡುಗ ಡಾಕ್ಟರ ಪಟ್ಟಿಗೆ ಹೋಯಿತು. ಮೂವತ್ತು ವರ್ಷದ ಹಿಂದಿನ ಆಕಳ ಬಣ್ಣ ಅವರಿಗೆ ನೆನಪಿತ್ತು. ಮುಂಜಾನೆ ತಿಂದದ್ದು ಏನೆಂಬುದು ಇರಲಿಲ್ಲ.

ಮುಂದಿನ ವರ್ಷ ಅವರು ಮನೆ ಬಿಟ್ಟು ಹೊರಬರುವುದು ನಿಂತಿತು. ನಾನು ಹೋದಾಗ ಹಾಸಿಗೆಯ ಅಂಚು ಹಿಡಿದು ನಿಂತಿರುತ್ತಿದ್ದರು. ಒಂದು ದಿನ, "ನೀ ಯಾರವಾ?" ಎಂದರು. ಹೇಳಿದೆ. ನನ್ನ ಮುಖವನ್ನೇ ನೋಡಿ, "ಇದನ್ನ ನಾ ಮದಲ ಕೇಳಿದ್ನೇನು?" ಎಂದರು.

"ಹೌದ್ರಿ ಬಾಯಾರ. ಇವತ್ತ ಇದು ನಾಲ್ಕನೇ ಸಲ."

"ಹೇಳಿದ್ದು ಛಲೋ ಮಾಡಿದಿ," ಎಂದರು.

ಅವರು ಹೋಗಿ ಈಗ ಎರಡು ತಿಂಗಳು. ಆ ಬಸ್ಸಿನಲ್ಲಿ ಅವರು ನನ್ನನ್ನು ಬೈಯಲಿಲ್ಲ, ಆಮೇಲೂ ಎಂದೂ ಆಡಿ ತೋರಿಸಲಿಲ್ಲ. ಆದರೂ ಲೆಕ್ಕ ಹಾಕುತ್ತಲೇ ಇರುತ್ತೇನೆ: ಜರಡಿ ಇಟ್ಟ ಆ ದಿನಗಳಲ್ಲಿ ಅವರಿಗೆ ತಮ್ಮ ಮನಸ್ಸು ಇನ್ನೂ ಮುಕ್ಕಾಲು ಪಾಲು ಕೈಯಲ್ಲಿತ್ತು. ಗೊತ್ತಾಗಿದ್ದರೆ ಏನು ಮಾಡುತ್ತಿದ್ದರೋ, ಎಲ್ಲಿಗೆ ಹೋಗುತ್ತಿದ್ದರೋ, ಯಾರಿಗೆ ಏನು ಹೇಳುತ್ತಿದ್ದರೋ. ಆ ಮೂರು ತಿಂಗಳು ಅವರವಾಗಿದ್ದವು. ನಾನು ಇಟ್ಟುಕೊಂಡೆ.